ನಿಂಬೆಹಣ್ಣಿನ ಸ್ವಾಮಿ

ಕನಕರಾಜು ಗಡ್ಡ ಬಿಟ್ಟದ್ದು ಸೋಮಾರಿತನದಿಂದಲೇ ಹೊರತು ವೈರಾಗ್ಯದಿಂದಲ್ಲ. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ ಕುಲುಮೆ ವಿಭಾಗಕ್ಕೆ ಅವನು ಸೂಪರ್‌ವೈಸರ್. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಮನೆ ಬಿಡಬೇಕು. ಕ್ಷೌರಕ್ಕೆ ಅಂತ ಉಳಿಯುವುದು ಭಾನುವಾರ ಒಂದೇ. ಆ ಭಾನುವಾರವನ್ನು ಅವನು ವಿಜ್ಞಾನಕ್ಕೆ ಬರೆದುಕೊಟ್ಟುಬಿಟ್ಟಿದ್ದ.

ತುಮಕೂರಿನಲ್ಲಿ ಅವನಂಥವರೇ ಕೆಲವರು ಸೇರಿ ಒಂದು ವಿಜ್ಞಾನ ಕೂಟ ಕಟ್ಟಿಕೊಂಡಿದ್ದರು. ಒಬ್ಬರು ಊರೂರಿಗೆ ದೂರದರ್ಶಕ ಹೊತ್ತೊಯ್ದು ಚಂದ್ರನನ್ನು ತೋರಿಸುತ್ತಿದ್ದರು, ಇನ್ನೊಬ್ಬರು ಹಾವುಗಳ ಬಗ್ಗೆ ಮಾತಾಡುತ್ತಿದ್ದರು. ಹಳ್ಳಿ ಶಾಲೆಗಳಿಗೆ ಹೋಗಿ ಪವಾಡಗಳ ಹಿಂದಿನ ಗುಟ್ಟು ಬಿಚ್ಚಿಡುವುದು ಕನಕರಾಜುವಿನ ಪಾಲಿಗೆ ಬಂದಿತ್ತು. ಗಡ್ಡದ ಜೊತೆಗೆ ಬಿಳಿ ಜುಬ್ಬ, ಬತ್ತಿದ ಕೆನ್ನೆ, ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದ ಗಂಟಲು. ಅವನ ಹೆಂಡತಿ ಸ್ವರ್ಣಲತಾ ಪ್ರೈಮರಿ ಸ್ಕೂಲ್ ಟೀಚರು. ಈ ವೇಷದಲ್ಲಿ ಪವಾಡ ಬಯಲು ಮಾಡಲು ಹೋದರೆ ಜನ ನಿಮ್ಮನ್ನೇ ಪವಾಡ ಅಂದುಕೊಂಡಾರು ಎಂದು ಅವಳು ಒಮ್ಮೆ ಎಚ್ಚರಿಸಿದ್ದಳು. ಜನ ಅಷ್ಟು ದಡ್ಡರಲ್ಲ ಎಂದು ಕನಕರಾಜು ನಕ್ಕಿದ್ದ. ಆ ಮಾತೇನೋ ನಿಜ. ಜನ ದಡ್ಡರಾಗಿರಲಿಲ್ಲ. ಮುಂದೆ ಆದದ್ದಕ್ಕೆ ಅವರನ್ನು ದೂರುವಂತಿಲ್ಲ.

ತೊಂಬತ್ತಾರನೇ ಇಸವಿಯ ಬೇಸಿಗೆಗೆ ಮುಂಚೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಆಚೆಗಿರುವ ಕೆಂಚಯ್ಯನಪಾಳ್ಯದ ಶಾಲೆಯಿಂದ ಕರೆ ಬಂತು. ಕರೆದವರು ಅಲ್ಲಿನ ಉಮಾಮಹೇಶ್ವರಿ ಮೇಡಂ. ಕನಕರಾಜು ತನ್ನ ಗೆಳೆಯ ಮೆಹಬೂಬ್ ಪಾಷಾನ ಎಂ-ಏಟಿ ಗಾಡಿಯಲ್ಲಿ ಪೆಟ್ಟಿಗೆ ಸಮೇತ ಹೊರಟ. ಪಾಷಾ ಮಂಡಿಪೇಟೆಯಲ್ಲಿ ವಾಚ್ ರಿಪೇರಿ ಮಾಡುವವನು. ಅವನಿಗೆ ವಿಜ್ಞಾನದಲ್ಲಿ ಆಸಕ್ತಿ ಇತ್ತು, ಹಳ್ಳಿ ಊಟದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇತ್ತು.

ಶಾಲೆಯ ಅಂಗಳ ತುಂಬಿತ್ತು. ಕನಕರಾಜು ಮೊದಲು ಅಂಗೈ ಮೇಲೆ ಕರ್ಪೂರ ಉರಿಸಿದ. ಆಮೇಲೆ ನೀರು ಹೊಯ್ದ ಹಣತೆಯಲ್ಲಿ ದೀಪ ಹಚ್ಚಿದ. ಮೇಲೆ ತೇಲುವ ಎಣ್ಣೆಯನ್ನು ಯಾರೂ ಗಮನಿಸಲಿಲ್ಲ. ಕೊನೆಗೆ ಒಂದು ನಿಂಬೆಹಣ್ಣು ಎತ್ತಿ ಹಿಡಿದು, ಈ ಊರಿಗೆ ಯಾರಾದರೂ ಮಾಟ ಮಾಡಿಸಿದ್ದರೆ ಈಗ ಗೊತ್ತಾಗುತ್ತದೆ ಎಂದು ಗಂಟಲು ಏರಿಸಿ ಹೇಳಿ ಚಾಕು ಹಾಕಿದ. ಹಣ್ಣಿನಿಂದ ಕೆಂಪು ರಸ ತೊಟ್ಟಿಕ್ಕಿತು. ಅಂಗಳ ಉಸಿರು ಬಿಗಿಹಿಡಿಯಿತು.

ಆಮೇಲೆ ಅವನು ಇದರಲ್ಲಿ ಪವಾಡ ಏನೂ ಇಲ್ಲವೆಂದು ಬಿಡಿಸಿ ಹೇಳಿದ. ಚಾಕುವಿಗೆ ಮೊದಲೇ ದಾಸವಾಳದ ಹೂ ಉಜ್ಜಿದ್ದೆ, ದಾಸವಾಳದ ಬಣ್ಣ ಹುಳಿ ತಾಗಿದರೆ ಕೆಂಪಾಗುತ್ತದೆ ಎಂದ. ಆಮ್ಲ ಎಂದ, ಪ್ರತ್ಯಾಮ್ಲ ಎಂದ, ಅಣು ಎಂದ. ಸುಮಾರು ಹೊತ್ತು ಮಾತಾಡಿದ. ಜನ ಕೈಕಟ್ಟಿಕೊಂಡು, ಕೆಮ್ಮದೆ, ಎದ್ದು ಹೋಗದೆ ಕೇಳಿದರು. ಇಷ್ಟು ಶ್ರದ್ಧೆಯ ಸಭೆ ತನಗೆ ಸಿಕ್ಕೇ ಇರಲಿಲ್ಲ ಎಂದು ಕನಕರಾಜು ಒಳಗೊಳಗೇ ಹಿಗ್ಗಿದ. ಅದು ಎಂಥ ಶ್ರದ್ಧೆ ಅನ್ನುವುದು ಮಾತು ಮುಗಿದ ಮೇಲೆ ಗೊತ್ತಾಯಿತು.

ಮಹಾಲಕ್ಷ್ಮಮ್ಮ ಎಂಬ ಮುದುಕಿ ಸೊಸೆ ರೇವಮ್ಮನನ್ನು ಮುಂದೆ ನೂಕಿಕೊಂಡು ಬಂದಳು. ರೇವಮ್ಮನ ತೋಳಲ್ಲಿ ನಡೆಯಲು ಕಲಿತ ವಯಸ್ಸಿನ ಗಂಡುಮಗು ಬಟ್ಟೆಯ ಹಾಗೆ ಜೋತುಬಿದ್ದಿತ್ತು. ವಾರಕ್ಕೂ ಮೇಲಾಯಿತು, ಜ್ವರ ಇಳಿದಿಲ್ಲ, ಒಂದು ನಿಂಬೆಹಣ್ಣು ನಿವಾಳಿಸಿ ಕೊಡಿ ಅಂದಳು ಮುದುಕಿ. ತಾನು ಇಷ್ಟು ಹೊತ್ತು ಹೇಳಿದ್ದೇ ಅದು, ನಿಂಬೆಹಣ್ಣಿನಿಂದ ಏನೂ ಆಗುವುದಿಲ್ಲ ಎಂದು ಕನಕರಾಜು ಮತ್ತೆ ಶುರುಮಾಡಿದ. ಮಗುವಿನ ಕೈ ಮುಟ್ಟಿ ನೋಡಿದವನು ಮಾತು ನಿಲ್ಲಿಸಿದ. ಮೈ ಕಾದ ಹೆಂಚಾಗಿತ್ತು.

ಪಾಷಾನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ರೇವಮ್ಮನನ್ನೂ ಮಗುವನ್ನೂ ಹಿಂದೆ ಕೂರಿಸಿಕೊಂಡು ಅವನು ಸೀದಾ ಗುಬ್ಬಿಯ ಆಸ್ಪತ್ರೆಗೆ ಹೋದ. ಡಾಕ್ಟರು ಟೈಫಾಯ್ಡ್ ಇರಬೇಕೆಂದು ಹೇಳಿ ಮಗುವನ್ನು ಉಳಿಸಿಕೊಂಡರು. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಗದರಿದರು. ರೇವಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಂಟೆ ತಪ್ಪದೆ ಔಷಧಿ ಕುಡಿಸಿದಳು. ಮಗು ಹುಷಾರಾಗಿ ಮನೆಗೆ ಬಂತು.

ಇತ್ತ ಕೆಂಚಯ್ಯನಪಾಳ್ಯದಲ್ಲಿ ಪೆಟ್ಟಿಗೆಯ ಜೊತೆ ಉಳಿದ ಪಾಷಾನಿಗೆ ಮಹಾಲಕ್ಷ್ಮಮ್ಮನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರಿನ ಊಟವಾಯಿತು. ಉಣ್ಣುವಾಗ ಜನ ಸುತ್ತ ಕೂತು ಕನಕರಾಜು ಯಾರು, ಎಂಥವರು ಎಂದೆಲ್ಲ ವಿಚಾರಿಸಿದರು. ಪಾಷಾ ಒಂದೂ ಸುಳ್ಳು ಹೇಳಲಿಲ್ಲ. ಅವರು ಕೋಳಿ ಕೂಗೋಕೆ ಮುಂಚೆ ಏಳ್ತಾರೆ ಅಂದ. ದಿನಾ ಬೆಂಕಿ ಮುಂದೆ ನಿಂತಿರ್ತಾರೆ, ಮಧ್ಯಾಹ್ನ ಒಂದು ಬನ್ನು ತಿಂದರೆ ಆಯ್ತು ಅಂದ. ಹಳ್ಳಿಗಳಿಗೆ ಬಂದದ್ದಕ್ಕೆ ಯಾರ ಹತ್ತಿರವೂ ಏನೂ ಮುಟ್ಟುವುದಿಲ್ಲ ಅಂದ. ಕುಲುಮೆ ವಿಭಾಗದ ಸೂಪರ್‌ವೈಸರ್‌ನ ದಿನಚರಿ ಅದು. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹುಣ್ಣಿಮೆ ಕಳೆಯುವ ಹೊತ್ತಿಗೆ ಕನಕರಾಜುವಿನ ಮನೆ ಬಾಗಿಲಿಗೆ ಮೊದಲ ಭಕ್ತರು ಬಂದರು. ನಿಟ್ಟೂರಿನಿಂದ ಬಸ್ಸು ಹತ್ತಿ ಬಂದ ಗಂಡ ಹೆಂಡತಿ, ಕೈಯಲ್ಲಿ ಒಂದು ಕುಂಬಳಕಾಯಿ. ಹಸು ಹಾಲು ಕೊಡುತ್ತಿಲ್ಲ ಎಂಬುದು ಅವರ ತೊಂದರೆ. ಕನಕರಾಜು ಅವರನ್ನು ಕೂರಿಸಿ ದಾಸವಾಳದ ವಿಷಯವನ್ನು ಮೊದಲಿಂದ ಹೇಳಿ, ದನದ ಡಾಕ್ಟರ ವಿಳಾಸ ಬರೆದುಕೊಟ್ಟ. ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ದನದ ಡಾಕ್ಟರು ಹಸುವಿಗೆ ಹುಳದ ಔಷಧಿ ಕೊಟ್ಟರು, ಹಸು ಹಾಲು ಕೊಟ್ಟಿತು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೀದಿಯಲ್ಲಿ ಜನ.

ಅವನು ಎಷ್ಟು ಅಲ್ಲಗಳೆದರೆ ಅಷ್ಟು ದೊಡ್ಡವನಾದ. ನಿಜವಾದ ದೊಡ್ಡೋರು ಯಾವತ್ತೂ ನಂದೇನಿಲ್ಲ ಅಂತಲೇ ಅಲ್ವಾ ಅನ್ನೋದು ಎಂದು ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಂದು ದಿನ ರೇಗಿ ಬೈದ. ಬೈಸಿಕೊಂಡವನ ಮಗಳ ಮದುವೆ ಆ ವಾರವೇ ನಿಶ್ಚಯವಾಯಿತು. ಆಮೇಲೆ ಬೈಸಿಕೊಳ್ಳಲೆಂದೇ ಊರ್ಡಿಗೆರೆಯಿಂದ ಇಬ್ಬರು ಬಂದರು. ಕೊನೆಗೆ ಗಡ್ಡ ತೆಗೆಸಿಬಿಟ್ಟ. ಹೊತ್ತಿದ್ದ ಹರಕೆ ತೀರಿತಂತೆ ಎಂದು ಸುದ್ದಿಯಾಯಿತು.

ಸ್ವರ್ಣಲತಾಳಿಗೆ ತರಕಾರಿ ಕೊಳ್ಳುವ ಕೆಲಸ ತಪ್ಪಿತ್ತು. ಸೋರೆಕಾಯಿ, ಹಲಸು, ತೆಂಗಿನಕಾಯಿ ಬಂದು ಬೀಳುತ್ತಿದ್ದವು. ಬೇಡವೆಂದರೂ ಬಾಗಿಲಲ್ಲಿಟ್ಟು ಓಡುತ್ತಿದ್ದರು. ಒಮ್ಮೆ ಒಂದು ಹುಂಜವೂ ಬಂತು. ಸಸ್ಯಾಹಾರಿ ಸ್ವಾಮಿಗಳೋ ಮಾಂಸಾಹಾರಿಗಳೋ ಎಂದು ಪಕ್ಕದ ಮನೆಯವರು ಕೇಳಿದಾಗ, ಮಾಂಸ ಸದ್ಯಕ್ಕೆ ಹೋಟೆಲಿನಲ್ಲಿ ಮಾತ್ರ ಎಂದು ಅವಳು ಉತ್ತರ ಕೊಟ್ಟಳು. ಗಂಡ ಸ್ನಾನಕ್ಕೆ ತಡಮಾಡಿದರೆ, ದರ್ಶನದ ವೇಳೆ ಆಯ್ತು ಎಂದು ಬಾಗಿಲು ಬಡಿಯುತ್ತಿದ್ದಳು.

ಹೀಗಿರುವಾಗ ಕುಣಿಗಲ್ ಕಡೆಯ ಒಬ್ಬ ಎತ್ತರದ ಆಸಾಮಿ ಬಂದ. ರೇಷ್ಮೆ ಪಂಚೆ, ಬೆರಳಿಗೆ ಉಂಗುರ. ಅಂಥವನು ಮಾತಿಲ್ಲದೆ ಬಗ್ಗಿ ಕನಕರಾಜುವಿನ ಕಾಲು ಮುಟ್ಟಿದ. ಕನಕರಾಜುವಿನ ಬಲಗೈ ತಾನಾಗಿ ಮೇಲೆದ್ದು ಹೋಗಿ ಆ ತಲೆಯ ಮೇಲೆ ಕೂತುಬಿಟ್ಟಿತು. ಅವನು ಗಾಬರಿಯಿಂದ ಕೈ ಹಿಂದಕ್ಕೆ ತೆಗೆದು ಸುತ್ತ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸ್ವರ್ಣಲತಾ ನಿಂತಿದ್ದಳು.

ಆ ದಿನ ಅವಳು ತಮಾಷೆ ಮಾಡಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು. ಬಂದವರೆಲ್ಲ ಹೋದ ಮೇಲೆ ಅವನೇ ಬಾಯಿಬಿಟ್ಟ. ನಾನು ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆ, ಒಂದು ಗುಟ್ಟನ್ನೂ ಮುಚ್ಚಿಟ್ಟಿಲ್ಲ, ಆದರೂ ಹೀಗಾಯಿತಲ್ಲ ಎಂದು ಹಲುಬಿದ. ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ, ಮತ್ತೆಲ್ಲಾದರೂ ಎದ್ದೀತು ಎಂಬ ಹಾಗೆ.

ಸ್ವರ್ಣಲತಾ ಬಿಡಿಸುತ್ತಿದ್ದ ಹಲಸಿನ ತೊಳೆ ಪಕ್ಕಕ್ಕಿಟ್ಟಳು. “ಆವತ್ತು ಅಲ್ಲಿ ಚಾಕು ಹಿಡ್ಕೊಂಡಿದ್ದು ಯಾರು?” ಎಂದು ಕೇಳಿದಳು.

“ನಾನು.”

“ಹಣ್ಣು ಕೊಯ್ದಿದ್ದು?”

“ನಾನೇ.”

“ಮಾತಾಡಿದ್ದೂ ನೀವೇ. ನಮ್ಮ ಸ್ಕೂಲಲ್ಲಿ ಬೋರ್ಡ್ ಮೇಲೆ ನಾನೊಬ್ಳೇ ಲೆಕ್ಕ ಮಾಡ್ತಾ ನಿಂತ್ರೆ ಮಕ್ಳು ಬಾಯಿ ಬಿಟ್ಕೊಂಡು ನೋಡ್ತಾವೆ. ನಮ್ಮ ಮಿಸ್ ಎಷ್ಟು ಬುದ್ಧಿವಂತ್ರು ಅಂದ್ಕೋತಾವೆ. ಲೆಕ್ಕ ಮಾತ್ರ ಒಂದಕ್ಕೂ ಬರಲ್ಲ.”

ಶಾಲೆಗಳು ಮತ್ತೆ ತೆರೆದ ಮೇಲೆ ಕನಕರಾಜು ಕೆಂಚಯ್ಯನಪಾಳ್ಯಕ್ಕೆ ಹೋದ. ಈ ಸಲ ಸ್ವರ್ಣಲತಾಳೂ ಬಸ್ಸಿನಲ್ಲಿ ಜೊತೆಗೆ ಬಂದಳು. ಷರತ್ತುಗಳು ಅವಳವು. ಮೈಕಿಲ್ಲ, ಭಾಷಣವಿಲ್ಲ, ಬಿಳಿ ಜುಬ್ಬ ಇಲ್ಲ. ಕಾರ್ಖಾನೆಯ ನೀಲಿ ಅಂಗಿಯಲ್ಲಿ ಕನಕರಾಜು ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ಯಾರಾದರೂ ಕೇಳಿದರೆ ಮಾತ್ರ ಮಾತು, ಅದೂ ಒಂದು ವಾಕ್ಯ. ಅವನಿಗೆ ಇದು ಉಪವಾಸಕ್ಕಿಂತ ಕಷ್ಟವಾಯಿತು.

ಉಮಾಮಹೇಶ್ವರಿ ಮೇಡಂ ಹಿಂದಿನ ದಿನವೇ ಮಕ್ಕಳಿಗೆ ಹೇಳಿದ್ದರು. ಒಬ್ಬೊಬ್ಬರೂ ಮನೆಯಿಂದ ಒಂದು ನಿಂಬೆಹಣ್ಣು, ಒಂದು ದಾಸವಾಳ, ಸ್ವಲ್ಪ ಅರಿಶಿನ, ಅಜ್ಜಿಯ ಎಲೆಅಡಿಕೆ ಚೀಲದಿಂದ ಚೂರು ಸುಣ್ಣ ತಂದಿದ್ದರು. ರೇವಮ್ಮನ ಹಿರಿಮಗಳು ಕೃತಿಕಾ ಆರನೇ ಕ್ಲಾಸು. ಅವಳು ಮೊದಲು ಕೊಯ್ದ ನಿಂಬೆಹಣ್ಣಿನಿಂದ ಬರೀ ನಿಂಬೆರಸ ಬಂತು. ಕನಕರಾಜು ಬೆಂಚಿನಿಂದ ಅರ್ಧ ಎದ್ದ, ಹೆಂಡತಿಯ ಕಣ್ಣು ನೋಡಿ ಮತ್ತೆ ಕೂತ. ಹುಡುಗಿ ಚಾಕುವನ್ನು ತಿರುಗಿಸಿ ನೋಡಿದಳು. ಇನ್ನೊಂದು ಹೂ ಇಸಿದುಕೊಂಡು ಎರಡೂ ಬದಿಗೆ ಚೆನ್ನಾಗಿ ಉಜ್ಜಿ ಮತ್ತೆ ಕೊಯ್ದಳು. ಕೆಂಪು ರಸ ಮೊಣಕೈವರೆಗೆ ಹರಿಯಿತು. ಅವಳು ನಕ್ಕ ನಗುವನ್ನು ನೋಡಿ ಕನಕರಾಜುವಿಗೆ ಅನಿಸಿದ್ದೇನೆಂದರೆ, ತಾನು ಇಷ್ಟು ವರ್ಷ ಈ ಕೆಲಸ ಮಾಡಿದರೂ ಎದುರಿಗೆ ಕೂತವರು ಯಾರೂ ಹೀಗೆ ನಕ್ಕಿರಲಿಲ್ಲ.

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಮಾಡಿದರು, ನಿಂಬೆ ಹಿಂಡಿ ಮತ್ತೆ ಹಳದಿ ಮಾಡಿದರು. ಒಬ್ಬ ಹುಡುಗಿ ದಾಸವಾಳದ ರಸಕ್ಕೆ ಸುಣ್ಣದ ನೀರು ಹಾಕಿದಳು. ಅದು ಹಸಿರಾಯಿತು. ಅವಳು ಹಿಂದಿನ ಬೆಂಚಿಗೆ ಬಂದು ಇದು ಯಾಕೆ ಹಸಿರಾಯಿತು ಸಾರ್ ಎಂದು ಕೇಳಿದಳು. ಕನಕರಾಜು ನೂರಾರು ದಾಸವಾಳ ಉಜ್ಜಿದ್ದನೇ ಹೊರತು ಒಂದಕ್ಕೂ ಸುಣ್ಣ ಹಾಕಿ ನೋಡಿರಲಿಲ್ಲ. ಒಂದೇ ವಾಕ್ಯ ಎಂಬ ಷರತ್ತು ಆಗ ಅವನ ಸಹಾಯಕ್ಕೆ ಬಂತು. “ಇನ್ನೇನೇನ್ ಹಾಕಿದ್ರೆ ಹಸಿರಾಗುತ್ತೆ ನೋಡು” ಎಂದ. ಹುಣಸೆಹಣ್ಣು, ಬೂದಿ ನೀರು, ಮಜ್ಜಿಗೆ, ಸೋಪಿನ ಪುಡಿ ಎಲ್ಲ ಬಂದವು. ಹುಳಿಯಾದದ್ದೆಲ್ಲ ಕೆಂಪಿನ ಕಡೆಗೆ, ಬೂದಿ, ಸುಣ್ಣ, ಸೋಪು ಹಸಿರಿನ ಕಡೆಗೆ ಹೋದವು. ಆಮ್ಲ, ಪ್ರತ್ಯಾಮ್ಲ ಎಂಬ ಮಾತುಗಳನ್ನು ಉಮಾಮಹೇಶ್ವರಿ ಮೇಡಂ ಕೊನೆಗೆ ಹೇಳಿದರು. ಅಷ್ಟರಲ್ಲಿ ಮಕ್ಕಳಿಗೆ ಆ ಪದಗಳ ಅಗತ್ಯ ಬಿದ್ದಿತ್ತು.

ಸಂಜೆಯ ಹೊತ್ತಿಗೆ ಊರಿನ ಒಂದೊಂದು ಜಗುಲಿಯ ಮೇಲೂ ಒಬ್ಬೊಬ್ಬ ಸ್ವಾಮಿ. ಮಕ್ಕಳು ಅಪ್ಪನ ಮುಂದೆ, ಅಜ್ಜನ ಮುಂದೆ, ಕಟ್ಟಿದ ಎಮ್ಮೆಯ ಮುಂದೆ ನಿಂಬೆಹಣ್ಣು ಕೊಯ್ದರು. ದಾಸವಾಳದ ಗಿಡಗಳೆಲ್ಲ ಬೋಳಾಗಿ ಮರುದಿನದ ಪೂಜೆಗೆ ಹೂವಿಲ್ಲದೆ ಹೆಂಗಸರು ಮೇಡಂಗೆ ಶಾಪ ಹಾಕಿದರು. ನೋಡಿದವರಿಗೆಲ್ಲ ತಾವೂ ಒಮ್ಮೆ ಕೊಯ್ಯಬೇಕೆನಿಸಿತು.

ಮಹಾಲಕ್ಷ್ಮಮ್ಮ ಮಾತ್ರ ಮೊದಲು ಒಪ್ಪಲಿಲ್ಲ. ಮೊಮ್ಮಗಳು ಮಾಡಿದರೆ ಅದು ಆ ಸ್ವಾಮಿಗಳು ದೂರದಿಂದ ಮಾಡಿಸಿದ್ದು ಎಂದಳು. ಕೃತಿಕಾ ಚಾಕು, ಹೂ, ಹಣ್ಣು ಮೂರನ್ನೂ ಅಜ್ಜಿಯ ಮಡಿಲಿಗೆ ಹಾಕಿ, ನೀನೇ ಮಾಡು ಅಂದಳು. ಮುದುಕಿ ಉಜ್ಜಿದಳು, ಕೊಯ್ದಳು, ಕೆಂಪು ಬಂತು. ಚಾಕು ತೊಳೆದು, ಹೂ ಉಜ್ಜದೆ ಇನ್ನೊಂದು ಕೊಯ್ದಳು. ಕೆಂಪು ಬರಲಿಲ್ಲ. ಮತ್ತೆ ಉಜ್ಜಿ ಮತ್ತೊಂದು ಕೊಯ್ದಳು. ಉಪ್ಪಿನಕಾಯಿಗೆ ಇಟ್ಟಿದ್ದ ನಿಂಬೆಹಣ್ಣುಗಳು ಹೀಗೆ ಮುಗಿದವು. ಹೂವಿನೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ಮಾಡಿ ನೋಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೈ ತೊಳೆದುಕೊಂಡು ಅವಳು ಶಾಲೆಗೆ ಬಂದಳು. ಕನಕರಾಜು ಬಸ್ಸಿಗೆ ಹೊರಡುವುದರಲ್ಲಿದ್ದ. ತುಮಕೂರಿಗೆ ಬಂದಾಗಲೆಲ್ಲ ಅವನೆದುರು ನೆಲದ ಮೇಲೆ ಕೂರುತ್ತಿದ್ದವಳು ಈಗ ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು.

“ಹಂಗಾದ್ರೆ ನಮ್ಮ ಮಗೀಗೆ ವಾಸಿಯಾಗಿದ್ದು ಹೆಂಗಪ್ಪ?”

“ಆಸ್ಪತ್ರೆ ಔಷಧಿಯಿಂದ. ನಿಮ್ಮ ಸೊಸೆ ಹೊತ್ತು ತಪ್ಪಿಸ್ದೆ ಅದನ್ನ ಕುಡಿಸಿದ್ರು, ಅದರಿಂದ.”

“ನೀನೇನ್ ಮಾಡ್ದೆ?”

“ಗಾಡಿ ಓಡಿಸ್ದೆ.”

“ಅಷ್ಟೇಯಾ?”

“ಅಷ್ಟೇ ಕಣಮ್ಮ.”

ಮುದುಕಿ “ಬುಡು, ಅಷ್ಟಾದ್ರೂ ಮಾಡ್ದಲ್ಲ” ಎಂದು ಅವನ ಬೆನ್ನ ಮೇಲೆ ಒಂದು ಏಟು ಕೊಟ್ಟು ಎದ್ದು ಹೋದಳು. ಕನಕರಾಜುವಿಗೆ ಕಾಲು ಮುಟ್ಟಿಸಿಕೊಂಡಾಗ ಆಗದಿದ್ದ ಸಂತೋಷ ಆ ಏಟಿನಿಂದ ಆಗಿತ್ತು. ಬಸ್ಸಿನಲ್ಲಿ ಅದನ್ನು ಹೆಂಡತಿಗೆ ಹೇಳಿದರೆ ನಗುತ್ತಾಳೆಂದು ಹೇಳಲಿಲ್ಲ.

ಬೀದಿಯಲ್ಲಿ ಭಕ್ತರು ಕಡಿಮೆಯಾಗುತ್ತಾ ಬಂದು ನಿಂತೇಹೋದರು. ಅಲ್ಲೊಬ್ಬ ಇಲ್ಲೊಬ್ಬ ಹೊಸಬ ಬಂದರೆ ಸ್ವರ್ಣಲತಾ ಚಾಕು ಹೂವನ್ನು ಅವನ ಕೈಗೇ ಕೊಟ್ಟು ಕೂರಿಸುತ್ತಿದ್ದಳು. ಕುಣಿಗಲ್ಲಿನ ಆ ಎತ್ತರದ ಆಸಾಮಿ ಹೀಗೆ ಒಂದು ಹಣ್ಣು ಕೊಯ್ದು, ಉಂಗುರ ಒರೆಸಿಕೊಂಡು, ನಮ್ಮೂರ ಶಾಲೆಗೂ ಬನ್ನಿ ಎಂದು ಕರೆದುಹೋದ. ಅಲ್ಲಿಗೆ ಕನಕರಾಜು ಕೃತಿಕಾಳನ್ನೂ ಅವಳ ಗೆಳತಿಯರನ್ನೂ ಕರೆದುಕೊಂಡು ಹೋದ. ಹೇಳಿಕೊಟ್ಟವರು ಆ ಹುಡುಗಿಯರು. ಅವನು ಚೀಲ ಹೊತ್ತ.

ಆ ವರ್ಷ ಮಳೆ ಹಿಡಿದ ಮೇಲೆ ಕೃತಿಕಾ ಒಂದು ಹೊಸ ಪ್ರಶ್ನೆ ತಂದಳು. ದಾಸವಾಳದ ರಸವನ್ನು ಊರಿನ ಹಳೇ ಬಾವಿಯ ನೀರಿಗೆ ಬೆರೆಸಿದರೆ ಒಂದು ಬಣ್ಣ, ಹೊಸ ಬೋರ್‌ವೆಲ್ ನೀರಿಗೆ ಬೆರೆಸಿದರೆ ಸ್ವಲ್ಪ ಹಸಿರು ತಿರುಗಿದ ಬಣ್ಣ ಬರುತ್ತದೆ, ಯಾಕೆ ಎಂದು ಕೇಳಿದಳು. ತನಗೆ ಗೊತ್ತಿಲ್ಲ ಎಂದ ಕನಕರಾಜು. ಹೇಳಲು ಮೊದಲಿನಷ್ಟು ಕಷ್ಟವಾಗಲಿಲ್ಲ. ಎರಡು ಬಾಟಲಿಯಲ್ಲಿ ನೀರು ತುಂಬಿಸಿ ತುಮಕೂರಿನ ಕಾಲೇಜಿನಲ್ಲಿದ್ದ ಪರಿಚಯದವರಿಗೆ ತೋರಿಸಿದರು. ಬೋರ್‌ವೆಲ್ ನೀರು ತೀರ ಗಡಸು, ಇದರಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ ಎಂದರು ಅವರು.

ಬೇಳೆಯ ಮಾತು ಕೇಳಿ ಹುಡುಗಿಯ ಕಿವಿ ನೆಟ್ಟಗಾಯಿತು. ಅವಳ ಮನೆಯಲ್ಲಿ, ಊರಿಗೆ ಬೋರ್‌ವೆಲ್ ಬಂದಾಗಿನಿಂದ ಇದೊಂದು ದಿನನಿತ್ಯದ ಜಗಳ. ಬೇಳೆ ಬೇಯದಿದ್ದರೆ ಅದು ರೇವಮ್ಮನ ಕೈಗುಣ, ಅವಳ ತವರಿನ ಗುಣ, ಒಲೆಯ ಮುಂದೆ ನಿಲ್ಲದ ಸೋಮಾರಿತನ ಎಂದು ಅತ್ತೆ ಊಟದ ಹೊತ್ತಿಗೆ ಶುರುಮಾಡುತ್ತಿದ್ದಳು. ರೇವಮ್ಮ ಎದುರು ಮಾತಾಡುತ್ತಿರಲಿಲ್ಲ, ಇನ್ನೊಂದು ಸೌದೆ ನೂಕುತ್ತಿದ್ದಳು ಅಷ್ಟೆ.

ಮುಂದಿನ ಭಾನುವಾರ ಕೃತಿಕಾ ಅಂಗಳದಲ್ಲಿ ಎರಡು ಒಲೆ ಹೂಡಿದಳು. ಒಂದೇ ಡಬ್ಬಿಯ ತೊಗರಿಬೇಳೆ, ಒಂದೇ ಅಳತೆ, ಒಂದೇ ಥರದ ಪಾತ್ರೆ. ಒಂದರಲ್ಲಿ ಬೋರ್‌ವೆಲ್ ನೀರು, ಒಂದರಲ್ಲಿ ಹಳೇ ಬಾವಿಯದು. ಅಮ್ಮನ ಕೈಗುಣ ಅನ್ನಬಾರದೆಂದು ಎರಡನ್ನೂ ಅಜ್ಜಿಯ ಕೈಯಿಂದಲೇ ಒಲೆಗೆ ಇಡಿಸಿದಳು. ತುಮಕೂರಿನಿಂದ ಕನಕರಾಜು, ಸ್ವರ್ಣಲತಾ, ಪಾಷಾ ಮೂವರೂ ಬಂದಿದ್ದರು. ಅಕ್ಕಪಕ್ಕದ ಅತ್ತೆಯರು ಸೊಸೆಯರು ಏನೂ ಕೆಲಸವಿಲ್ಲದವರಂತೆ ಬಂದು ಸುತ್ತ ನಿಂತರು. ಯಾರ ಮನೆಯಲ್ಲೂ ಬೇಳೆ ಬೇಯುತ್ತಿರಲಿಲ್ಲ ಎಂಬುದು ಆಗಲೇ ಎಲ್ಲರಿಗೂ ತಿಳಿದದ್ದು.

ಬಾವಿ ನೀರಿನ ಬೇಳೆ ಹದವಾಗಿ ಒಡೆದು ಕರಗಿತು. ಬೋರ್‌ವೆಲ್ ನೀರಿನದು ಇನ್ನೂ ಕಾಳುಕಾಳಾಗಿ ಕುಣಿಯುತ್ತಿತ್ತು. ಮಹಾಲಕ್ಷ್ಮಮ್ಮ ಸೌಟು ಹಾಕಿ ಎರಡನ್ನೂ ಹಿಸುಕಿ ನೋಡಿದಳು. ಬೋರ್‌ವೆಲ್ ಒಲೆಗೆ ತಾನೇ ಇನ್ನೆರಡು ಸೌದೆ ಹಾಕಿ ಊದಿ ಮತ್ತೆ ನೋಡಿದಳು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ಹೇಳುತ್ತಾಳೆಂದು ಯಾರೂ ಕಾಯಲೂ ಇಲ್ಲ. ನಾಳೆಯಿಂದ ಅಡುಗೆಗೆ ಬಾವಿ ನೀರು, ಕಾಯಿಸಿ ಕುಡಿಯಕ್ಕೂ ಅದೇ, ಸೇದಿ ತರೋದು ನಾನು ಎಂದಳು. ಆಮೇಲೆ ಬೆಂದ ಬೇಳೆಗೆ ಒಗ್ಗರಣೆ ಹಾಕಿ, ಎಲ್ಲರಿಗಿಂತ ಮುಂಚೆ ಸೊಸೆಯನ್ನು ಕೂರಿಸಿ ಬಡಿಸಿದಳು. ರೇವಮ್ಮ ತಲೆ ತಗ್ಗಿಸಿ ಊಟ ಮಾಡಿದಳು. ಅವಳ ಭುಜ ಅಲುಗುತ್ತಿದ್ದುದು ಅಳುವಿಗೋ ನಗುವಿಗೋ ಎಂದು ಸ್ವರ್ಣಲತಾಳಿಗೆ ಮೊದಲು ತಿಳಿಯಲಿಲ್ಲ. ತಲೆ ಎತ್ತಿದಾಗ ನೋಡಿದರೆ ನಗು.

ಬೇಯದ ಬೇಳೆಯನ್ನು ಏನು ಮಾಡುವುದೆಂದು ಚರ್ಚೆಯಾಯಿತು. ಬಿಸಾಡುವುದಕ್ಕೆ ಮುದುಕಿ ಒಪ್ಪಲಿಲ್ಲ. ಪಾಷಾ ಅದನ್ನೂ ಒಂದು ಬಟ್ಟಲು ಹಾಕಿಸಿಕೊಂಡು, ಹಲ್ಲಿಗೆ ಕೆಲಸ ಕೊಟ್ಟ ಹಾಗಾಯಿತು ಅಂತ ಅಗಿಯುತ್ತಾ ಕೂತ.